ಜೈಲಿನ ಬಾಗಿಲು ತೆರೆದ ಮೇಲೆ ಮನೆಯ ಬಾಗಿಲು

ಮನೆಯ ಗಂಡಸೊಬ್ಬ ಜೈಲಿಗೆ ಹೋದನೆಂದು ಎಣಿಸಿಕೊಳ್ಳೋಣ. ಹೆಂಡತಿ ಕಿವಿಯ ಬೆಂಡೋಲೆಯನ್ನಾದರೂ ಅಡವಿಟ್ಟು ವಕೀಲರ ಮೆಟ್ಟಲು ಹತ್ತುತ್ತಾಳೆ. ಮುದಿ ತಾಯಿ ಕಾಲೆಳೆದುಕೊಂಡು ಬಸ್ಸು ಹಿಡಿದು ಮಗನ ಮುಖ ನೋಡಿ ಬರುತ್ತಾಳೆ. ಬಿಡುಗಡೆಯಾಗಿ ಬಂದ ದಿನ ಬಚ್ಚಲಲ್ಲಿ ಬಿಸಿನೀರು ಕಾದಿರುತ್ತದೆ. "ಆದದ್ದು ಆಯಿತು, ಒಳಗೆ ಬಾ ಮಗಾ" ಎಂದು ಹಿರಿಯರು ಕರೆಯುತ್ತಾರೆ. ಊರು ನಾಲ್ಕು ದಿನ ಮಾತಾಡಿ ಸುಮ್ಮನಾಗುತ್ತದೆ.

ಅದೇ ಮನೆಯ ಹೆಂಗಸು ಜೈಲಿಗೆ ಹೋದಳೆಂದು ಎಣಿಸಿಕೊಳ್ಳೋಣ. ಮೊದಲ ವಾರ ತಮ್ಮನೊಬ್ಬ ಹೋಗಿ ನೋಡಿ ಬಂದಾನು. ಎರಡನೆಯ ತಿಂಗಳಿಗೆ ಅದೂ ನಿಂತೀತು. ಗಂಡನ ಮನೆಯಲ್ಲಿ ಅವಳ ಹೆಸರೆತ್ತುವವರಿಲ್ಲ. ಮಕ್ಕಳು ಕೇಳಿದರೆ "ಅಮ್ಮ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾಳೆ" ಎಂಬ ಉತ್ತರ. ಕೊನೆಗೊಂದು ದಿನ ಬಿಡುಗಡೆಯಾಗಿ, ಕೈಯಲ್ಲೊಂದು ಚೀಲ ಹಿಡಿದು ಗೇಟಿನ ಹೊರಗೆ ಬಂದರೆ ಎದುರಿಗೆ ಬರಿಯ ರಸ್ತೆ. ಯಾವ ಕಡೆಯ ಬಸ್ಸು ಹತ್ತಬೇಕು?

ನಮ್ಮ ಸಮಾಜದಲ್ಲಿ ಗಂಡಸಿಗೆ ಶಿಕ್ಷೆ ಒಂದು, ಹೆಂಗಸಿಗೆ ಎರಡು. ಮೊದಲನೆಯದನ್ನು ನ್ಯಾಯಾಲಯ ವಿಧಿಸುತ್ತದೆ, ಅದಕ್ಕೆ ಅವಧಿಯುಂಟು. ಎರಡನೆಯದನ್ನು ಮನೆಯವರೂ ಊರವರೂ ವಿಧಿಸುತ್ತಾರೆ, ಅದಕ್ಕೆ ಅವಧಿಯಿಲ್ಲ. ಈ ಎರಡನೆಯ ಶಿಕ್ಷೆಯ ವಿಚಾರವಾಗಿ ನಮ್ಮ ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ತಪ್ಪು ಮಾಡಿದವರಿಗೆ ಶಿಕ್ಷೆ ಬೇಡವೆಂದು ನಾವು ಹೇಳುವುದಿಲ್ಲ. ನೊಂದವರ ದುಃಖವನ್ನು ಮರೆತು ಬರೆಯುವವರೂ ನಾವಲ್ಲ. ಆದರೆ ಜೈಲಿನಲ್ಲಿರುವವರೆಲ್ಲ ತಪ್ಪಿತಸ್ಥರಲ್ಲ. ನಮ್ಮ ದೇಶದ ಜೈಲುಗಳಲ್ಲಿರುವವರ ಪೈಕಿ ಹೆಚ್ಚಿನವರು ಇನ್ನೂ ವಿಚಾರಣೆ ಮುಗಿಯದವರು. ಶಿಕ್ಷೆ ಮುಗಿಸಿ ಬಂದವಳಾದರೋ ತನ್ನ ಸಾಲವನ್ನು ತೀರಿಸಿಯೇ ಬಂದವಳು. ಇಬ್ಬರಲ್ಲಿ ಯಾರನ್ನೂ ಮತ್ತೊಮ್ಮೆ ದಂಡಿಸುವ ಅಧಿಕಾರ ನಮಗಿಲ್ಲ. ಅದಕ್ಕೂ ಮಿಗಿಲಾಗಿ, ಆ ಎರಡನೆಯ ಶಿಕ್ಷೆಯಲ್ಲಿ ಅರ್ಧ ಪಾಲು ಬೀಳುವುದು ಏನೂ ಅರಿಯದ ಮಕ್ಕಳ ಮೇಲೆ.

ಹತ್ತು ಸಾವಿರ ರೂಪಾಯಿಗೆ ಹತ್ತೊಂಬತ್ತು ವರ್ಷ

2013ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದಿಂದ ಬಂದ ಒಂದು ಸುದ್ದಿ ದೇಶದ ಗಡಿಯನ್ನೂ ದಾಟಿ ಹೊರ ದೇಶಗಳಿಗೆ ಮುಟ್ಟಿತು. ಆ ತಾಯಿಯ ಹೆಸರು ಇಲ್ಲಿ ಬೇಡ, ಆಕೆಯ ಕಥೆ ಸಾಕು.

ಕೊಲೆಯ ಅಪರಾಧಕ್ಕಾಗಿ ಆಕೆಗೆ ಶಿಕ್ಷೆಯಾಯಿತು. ತಾನು ಅದನ್ನು ಮಾಡಿದವಳಲ್ಲವೆಂದೇ ಆಕೆ ಹೇಳುತ್ತ ಬಂದಳು. ಜೈಲಿಗೆ ಹೋಗುವಾಗ ಐದು ತಿಂಗಳ ಬಸುರಿ. ಮೇಲಿನ ನ್ಯಾಯಾಲಯಕ್ಕೆ ಅಪೀಲು ಹೋಯಿತು. 1994ರಲ್ಲಿ ಜಾಮೀನೂ ಮಂಜೂರಾಯಿತು. ಕಟ್ಟಬೇಕಾಗಿದ್ದದ್ದು ಹತ್ತು ಸಾವಿರ ರೂಪಾಯಿಯ ಜಾಮೀನು.

ಆದರೆ ಆ ಜಾಮೀನಿಗೆ ನಿಲ್ಲಲು ಒಬ್ಬರೂ ಬರಲಿಲ್ಲ. ಗಂಡ ಕೈಬಿಟ್ಟಿದ್ದ. ಬಂಧುಗಳು ತಿರುಗಿ ನೋಡಲಿಲ್ಲ. ಕಾಗದಪತ್ರಗಳು ಯಾವುದೋ ಕಪಾಟಿನಲ್ಲಿ ಧೂಳು ತಿಂದವು. ಬಾಗಿಲು ತೆರೆದುಕೊಳ್ಳಲೆಂದು ನ್ಯಾಯಾಲಯವೇ ಅಪ್ಪಣೆ ಕೊಟ್ಟ ಮೇಲೂ ಆ ಹೆಂಗಸು ಬಾಗಿಲಿನ ಒಳಗೇ ಉಳಿದಳು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಹತ್ತೊಂಬತ್ತು ವರ್ಷ!

ಮಗು ಜೈಲಿನಲ್ಲಿಯೇ ಹುಟ್ಟಿತು, ಗಂಡು ಮಗು. ಮೊದಲ ಕೆಲವು ವರ್ಷ ತಾಯಿಯ ಮಡಿಲಲ್ಲಿ ಬೆಳೆಯಿತು. ಮುಂದೆ ಅವನನ್ನು ಮಕ್ಕಳ ಸರಕಾರಿ ನಿಲಯಕ್ಕೆ ಕಳುಹಿಸಿದರು, ಅಲ್ಲಿಂದ ಇನ್ನೊಂದಕ್ಕೆ. ಮೂರು ತಿಂಗಳಿಗೊಮ್ಮೆ ತಾಯಿಯನ್ನು ನೋಡಿ ಬರುತ್ತಿದ್ದ. ಹೊರಗಿನ ಲೋಕದಲ್ಲಿ ತಾಯಿಗೆ ಉಳಿದ ದಾರಿ ಆ ಹುಡುಗನೊಬ್ಬನೇ.

ಹದಿನೆಂಟು ತುಂಬುತ್ತಲೇ ಅವನು ನಿಲಯದಿಂದ ಹೊರಬಂದ. ಕಲಿತಿದ್ದ ಹೊಲಿಗೆಯ ವಿದ್ಯೆಯಿಂದ ಕಾನ್ಪುರದ ಬಟ್ಟೆ ಹೊಲಿಯುವ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಸಂಬಳದಲ್ಲಿ ಕಾಸು ಕಾಸು ಉಳಿಸಿ, ವಕೀಲರನ್ನು ಹಿಡಿದು, ತಾಯಿಯ ಜಾಮೀನನ್ನು ಅವನೇ ಪೂರೈಸಿದ. ಅಲಹಾಬಾದಿನ ಉಚ್ಚ ನ್ಯಾಯಾಲಯ ವಿಷಯ ತಿಳಿದು ದಿಗ್ಭ್ರಮೆಗೊಂಡಿತು. ಆಕೆಯನ್ನು ಬಿಡುಗಡೆ ಮಾಡಿಸಿತು. ಹೀಗೆ ಜಾಮೀನು ಸಿಕ್ಕಿಯೂ ಒಳಗೇ ಕೊಳೆಯುತ್ತಿರುವವರು ರಾಜ್ಯದಲ್ಲಿ ಇನ್ನೆಷ್ಟು ಮಂದಿ ಇದ್ದಾರೆಂದು ಹುಡುಕುವಂತೆಯೂ ಆಜ್ಞೆ ಮಾಡಿತು.

ತಾಯಿ ಮಗನನ್ನು ಹೆತ್ತಳು. ಹತ್ತೊಂಬತ್ತು ವರ್ಷದ ಮೇಲೆ ಮಗ ತಾಯಿಯನ್ನು ಬಿಡಿಸಿಕೊಂಡ. ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯನ್ನು ನಾವು ದಿನವೂ ಹೇಳುತ್ತೇವೆ. ಆದರೆ ತಾಯಿಗೇ ಬಂಧು ಬೇಕಾದ ಕಾಲದಲ್ಲಿ ಎಷ್ಟು ಮಂದಿ ಮುಂದೆ ಬರುತ್ತೇವೆ? ಆ ಹೆಂಗಸನ್ನು ಅಷ್ಟು ಕಾಲ ಒಳಗಿಟ್ಟದ್ದು ಕಾನೂನಲ್ಲ. ಕಾನೂನು ಬೀಗ ತೆಗೆದಾಗಿತ್ತು. "ಇವಳು ನಮ್ಮವಳು" ಎಂದು ಹೇಳಲು ಒಬ್ಬ ಮನುಷ್ಯ ಇರಲಿಲ್ಲ, ಅಷ್ಟೆ.

ಜಾಮೀನುದಾರ ಯಾವ ಊರಿನವನಾಗಬೇಕು?

"ಅದೆಲ್ಲ ದೂರದ ಉತ್ತರ ಪ್ರದೇಶದ ಮಾತು, ನಮಗೇನು?" ಎಂದು ಕೇಳುವವರುಂಟು. ಗಡಿಯಲ್ಲಿ ಬದುಕುವ ನಮಗೆ ಈ ಮಾತು ಇನ್ನೂ ಹತ್ತಿರದ್ದೆಂದು ನಾವು ತಿಳಿಯುತ್ತೇವೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ನಮ್ಮ ನೆಂಟಸ್ತನಕ್ಕೆ ಗಡಿ ಬೀಳಲಿಲ್ಲ. ಮಂಜೇಶ್ವರ, ಕುಂಬಳೆಯ ಮನೆಗಳಿಗೆ ಪುತ್ತೂರು, ಸುಳ್ಯ, ಬಂಟ್ವಾಳಗಳಿಂದ ಹೆಣ್ಣು ತರುತ್ತೇವೆ, ಅಲ್ಲಿಗೆ ಹೆಣ್ಣು ಕೊಡುತ್ತೇವೆ. ಹೀಗಿರುವಾಗ ಇಲ್ಲಿ ಸೊಸೆಯಾಗಿ ಬಂದವಳು ಒಂದು ಮೊಕದ್ದಮೆಯಲ್ಲಿ ಸಿಕ್ಕಿಬಿದ್ದರೆ, ಗಂಡನ ಮನೆಯವರು ಕೈಬಿಟ್ಟರೆ, ಜಾಮೀನಿಗೆ ನಿಲ್ಲಬೇಕಾದವನು ಗಡಿಯಾಚೆಯ ಅಣ್ಣ. ಅವನ ಅಡಿಕೆ ತೋಟ ಇನ್ನೊಂದು ಜಿಲ್ಲೆಯಲ್ಲಿ, ಇನ್ನೊಂದು ರಾಜ್ಯದಲ್ಲಿ. ಅದರ ಪಹಣಿ ಪತ್ರ ಕನ್ನಡದಲ್ಲಿ. "ಇಲ್ಲಿಯವರೇ ಜಾಮೀನು ನಿಲ್ಲಬೇಕು" ಎಂದರೆ ಅವಳ ಗತಿಯೇನು?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟು 1978ರಲ್ಲಿಯೇ ಉತ್ತರ ಕೊಟ್ಟಿದೆ. ಮಧ್ಯ ಪ್ರದೇಶದ ಬಡ ಮೇಸ್ತ್ರಿಯೊಬ್ಬನಿಗೆ ಜಾಮೀನು ಸಿಕ್ಕಿದರೂ ಕೆಳಗಿನ ನ್ಯಾಯಾಲಯ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿತು. ಅಣ್ಣತಮ್ಮಂದಿರ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಅದನ್ನೂ ಒಪ್ಪಲಿಲ್ಲ. ಆ ಅರ್ಜಿಯನ್ನು ಕೇಳಿದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ನಮ್ಮ ನೆರೆಯ ತಲಶ್ಶೇರಿಯಲ್ಲಿ ವಕೀಲಿ ಮಾಡಿದವರು. 1957ರ ಕೇರಳದ ಮೊದಲ ಮಂತ್ರಿಮಂಡಲದಲ್ಲಿ ಕಾನೂನು, ಜೈಲು ಮುಂತಾದ ಖಾತೆಗಳನ್ನು ನೋಡಿಕೊಂಡವರು. ಜಾಮೀನುದಾರ ಅದೇ ಜಿಲ್ಲೆಯವನಾಗಿರಬೇಕೆಂದು ಯಾವ ಕಾನೂನು ಹೇಳುತ್ತದೆ ಎಂದು ಅವರು ಕೇಳಿದರು. ಮಲಯಾಳಿಯೋ ಕನ್ನಡಿಗನೋ ತಮಿಳನೋ ದೇಶದ ಇನ್ನೊಂದು ಮೂಲೆಯಲ್ಲಿ ಬಂಧನಕ್ಕೊಳಗಾದರೆ ಅಲ್ಲಿಯ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದೂ ಕೇಳಿದರು. ಭಾಷೆಯ ಕಾರಣಕ್ಕಾಗಿ ಕಾಗದಪತ್ರವನ್ನು ತಳ್ಳಿಹಾಕುವುದೂ ಸಲ್ಲದೆಂದು ಹೇಳಿ, ಆ ಮೇಸ್ತ್ರಿಯನ್ನು ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ನಾಲ್ಕು ದಶಕಗಳಿಗೂ ಹಿಂದಿನ ಆ ತೀರ್ಪು ಗಡಿನಾಡಿನ ನಮಗೆಂದೇ ಬರೆದಂತಿದೆ.

2023ರ ಜನವರಿ 31ರಂದು ಸುಪ್ರೀಂ ಕೋರ್ಟು ಇದೇ ವಿಷಯದಲ್ಲಿ ಇನ್ನಷ್ಟು ಸ್ಪಷ್ಟವಾದ ನಿರ್ದೇಶಗಳನ್ನು ಕೊಟ್ಟಿತು. ಜಾಮೀನಿನ ಆಜ್ಞೆಯ ಪ್ರತಿ ಆ ದಿನವೇ ಅಥವಾ ಮರುದಿನ ಜೈಲಿಗೆ ಮುಟ್ಟಬೇಕು. ಏಳು ದಿನಗಳೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರರು ಸಿಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸುವ ವಿಚಾರ ಮಾಡಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟವೇ ತಡಕ್ಕೆ ಒಂದು ಕಾರಣವೆಂದು ಕಂಡುಕೊಂಡು, ಅಂಥ ಷರತ್ತು ಹಾಕಬಾರದೆಂದೂ ಹೇಳಿತು. ಜಾಮೀನು ಕಟ್ಟಲಾರದ ಬಡ ಕೈದಿಗಳಿಗೆ ನೆರವಾಗಲು ಕೇಂದ್ರ ಸರಕಾರ ಅದೇ 2023ರಲ್ಲಿ ಒಂದು ಯೋಜನೆಯನ್ನೂ ತಂದಿದೆ. ಇವೆಲ್ಲ ನಮ್ಮ ಮನೆಗಳಲ್ಲಿ ತಿಳಿದಿರಬೇಕಾದ ಸಂಗತಿಗಳು.

ಆರು ವರ್ಷದ ಗೆರೆ

ಇನ್ನು ಮಕ್ಕಳ ವಿಚಾರ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 1,537 ತಾಯಂದಿರು ತಮ್ಮ 1,764 ಮಕ್ಕಳೊಡನೆ ಇದ್ದರೆಂದು ಸರಕಾರಿ ಲೆಕ್ಕ ಹೇಳುತ್ತದೆ. ಅವರಲ್ಲಿ ಹೆಚ್ಚಿನ ತಾಯಂದಿರು ವಿಚಾರಣೆ ಮುಗಿಯದವರು. ಮನೆಯಲ್ಲಿ ಬಿಟ್ಟು ಬಂದ ಮಕ್ಕಳು ಈ ಲೆಕ್ಕಕ್ಕೆ ಸೇರಿಲ್ಲ.

ಈ ಮಕ್ಕಳಿಗಾಗಿ 2006ರ ಏಪ್ರಿಲ್ 13ರಂದು ಸುಪ್ರೀಂ ಕೋರ್ಟು ಒಂದು ಮಹತ್ವದ ತೀರ್ಪು ಕೊಟ್ಟಿತು. ತಾಯಿಯೊಡನೆ ಇರುವ ಮಗು ಕೈದಿಯಲ್ಲ. ಅದಕ್ಕೆ ಹಾಲು, ಅನ್ನ, ಬಟ್ಟೆ, ಔಷಧ, ಆಟಪಾಠ ಎಲ್ಲವೂ ಹಕ್ಕಿನಿಂದ ಸಿಗಬೇಕು. ಬಸುರಿಯಾದ ಕೈದಿಯ ಹೆರಿಗೆ ಸಾಧ್ಯವಾದ ಮಟ್ಟಿಗೆ ಹೊರಗಿನ ಆಸ್ಪತ್ರೆಯಲ್ಲಿ ಆಗಬೇಕು. ಒಳಗೆ ಹುಟ್ಟಿದರೂ ಜನನ ಪತ್ರದಲ್ಲಿ ಹುಟ್ಟಿದ ಸ್ಥಳ ಜೈಲೆಂದು ಬರೆಯಕೂಡದು, ಆ ಪ್ರದೇಶದ ಹೆಸರನ್ನಷ್ಟೇ ಬರೆಯತಕ್ಕದ್ದು. ನಾಮಕರಣಕ್ಕೂ ಅನುಕೂಲ ಮಾಡಿಕೊಡಬೇಕು. ಆರು ವರ್ಷದವರೆಗೆ ಮಗು ತಾಯಿಯೊಡನೆ ಇರಬಹುದು.

ಆರು ತುಂಬಿದ ಮೇಲೆ ಗೆರೆ. ಮಗು ಹೊರಗೆ ಹೋಗಲೇಬೇಕು. ಅಷ್ಟರ ತನಕ ಮರ, ಹಸು, ಬಸ್ಸು, ಅಂಗಡಿ ಏನೆಂದು ಸರಿಯಾಗಿ ಕಾಣದೆ ಬೆಳೆದ ಮಗುವಿಗೆ ಒಂದೇ ದಿನದಲ್ಲಿ ತಾಯಿಯೂ ಇಲ್ಲ, ತಿಳಿದ ಗೋಡೆಯೂ ಇಲ್ಲ. ಎಲ್ಲಿಗೆ ಹೋಗಬೇಕು? ತಾಯಿ ತೋರಿಸಿದ ಬಂಧುವಿನ ಮನೆಗೆ ಎಂದು ಆ ತೀರ್ಪು ಮೊದಲು ಹೇಳುತ್ತದೆ. ಅದಾಗದಿದ್ದರೆ ಮಾತ್ರ ಮಕ್ಕಳ ನಿಲಯ. ಅಲ್ಲಿಂದಲೂ ವಾರಕ್ಕೊಮ್ಮೆಯಾದರೂ ತಾಯಿಯನ್ನು ನೋಡಲು ಅವಕಾಶ ಇರಬೇಕು.

ಇಲ್ಲಿ ನಮ್ಮವರಿಗೆ ಒಂದು ವಿಶೇಷ ಮಾತು ಉಂಟು. ಕನ್ನಡದ ಮನೆಯ ಮಗುವನ್ನು ಕೊಂಡೊಯ್ಯಲು ಬಂಧುಗಳು ಯಾರೂ ಮುಂದೆ ಬರದಿದ್ದರೆ ಅದು ಬೆಳೆಯುವುದು ಮಲಯಾಳದ ಮಾತಿನ ನಡುವೆ, ಮಲಯಾಳದ ಶಾಲೆಯಲ್ಲಿ. ಮಲಯಾಳ ಕಲಿಯುವುದು ಒಳ್ಳೆಯದೇ, ನಮ್ಮ ಮಕ್ಕಳೆಲ್ಲರೂ ಕಲಿಯುತ್ತಾರೆ. ಆದರೆ ನಾಲ್ಕು ವರ್ಷದ ಮೇಲೆ ತಾಯಿ ಬಿಡುಗಡೆಯಾಗಿ ಬಂದಾಗ ಮಗುವಿಗೆ ತಾಯಿಯ ಮಾತೇ ತಡವರಿಸುವಂತಾದರೆ? ತಾಯಿ ಬರೆದ ಕಾಗದವನ್ನು ಓದಲಾಗದಿದ್ದರೆ? ಅಮ್ಮ ಎಂದು ಕರೆಯುವ ಮನೆಯಾಗಲಿ, ಅಬ್ಬೆ, ಅಪ್ಪೆ ಎಂದು ಕರೆಯುವ ಮನೆಯಾಗಲಿ, ಆ ಕರೆಯೇ ಮರೆತುಹೋದರೆ ಉಳಿಯುವುದೇನು? ಆದುದರಿಂದ ಅಜ್ಜಿಯೋ, ಚಿಕ್ಕಮ್ಮನೋ, ಸೋದರಮಾವನೋ ಒಬ್ಬರು ಮುಂದೆ ಬಂದು ಆ ಮಗುವನ್ನು ಮನೆಗೆ ಕರೆತರುವುದು ಪುಣ್ಯದ ಕೆಲಸವಷ್ಟೇ ಅಲ್ಲ, ತಾಯಿ ಮಗುವಿನ ನಡುವಣ ಸೇತುವೆಯನ್ನು ಕಾಪಾಡುವ ಕೆಲಸ.

ಶಾಲೆಯ ಮಾತು ಬಂದಾಗ ಹೆದರಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಜನನ ಪತ್ರವಿಲ್ಲವೆಂದೋ, ಹಿಂದಿನ ಶಾಲೆಯ ಪತ್ರ ಬಂದಿಲ್ಲವೆಂದೋ ಶಾಲೆ ಸೇರಿಸಿಕೊಳ್ಳದಿರುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಪಾಠವನ್ನು ಹೇಳಿಕೊಡುವುದು ಶಾಲೆಯ ಹೊಣೆ. ನಮ್ಮ ಕನ್ನಡ ಶಾಲೆಗಳ ಅಧ್ಯಾಪಕರು ಇದನ್ನು ಚೆನ್ನಾಗಿ ಬಲ್ಲರು.

ಮನೆಗೆ ಬಂದ ದಿನ

ಬಿಡುಗಡೆಯ ದಿನವೇ ಎಲ್ಲವೂ ಸರಿಯಾಗುತ್ತದೆಂದು ತಿಳಿಯುವುದು ತಪ್ಪು. ಕಷ್ಟ ಅಲ್ಲಿಂದ ಆರಂಭ.

ಐದು ವರ್ಷದವನಾಗಿದ್ದಾಗ ಬಿಟ್ಟುಹೋದ ಮಗ ಈಗ ಹತ್ತು ವರ್ಷದವನು. ತಾಯಿ ಅಂಗಳಕ್ಕೆ ಬಂದರೆ ಅವನು ಅಜ್ಜಿಯ ಸೆರಗಿನ ಮರೆಯಲ್ಲಿ ನಿಲ್ಲುತ್ತಾನೆ. ಕಿರಿಯವಳು ಚಿಕ್ಕಮ್ಮನನ್ನೇ ಅಮ್ಮ ಎನ್ನುತ್ತಾಳೆ. ಹಿರಿಯವಳು ಎದುರು ಬಂದರೂ ಮಾತಾಡುವುದಿಲ್ಲ; ಇಷ್ಟು ದಿನ ಮನೆಯ ಅಡುಗೆ, ತಮ್ಮ ತಂಗಿಯರ ಸ್ನಾನ, ಶಾಲೆಯ ಬುತ್ತಿ ಎಲ್ಲವನ್ನೂ ಹೊತ್ತವಳು ಅವಳು. "ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾಳೆ" ಎಂಬ ಸುಳ್ಳು ಅವಳಿಗೆ ಎಂದೋ ಬಯಲಾಗಿದೆ, ಶಾಲೆಯಲ್ಲಿ ಯಾರೋ ಮುಖಕ್ಕೆ ಹೊಡೆದಂತೆ ಹೇಳಿದ್ದಾರೆ. ತಾಯಿ ಮಾಡಿದ್ದಕ್ಕಿಂತಲೂ ಮನೆಯವರು ಹೇಳಿದ ಸುಳ್ಳು ಅವಳ ಮನಸ್ಸನ್ನು ಕಹಿ ಮಾಡಿದೆ.

ಮಕ್ಕಳಿಗೆ ಸುಳ್ಳು ಹೇಳಕೂಡದು. ಅವರ ವಯಸ್ಸಿಗೆ ತಿಳಿಯುವಂತೆ ನಿಜವನ್ನೇ ಹೇಳಬೇಕು: "ಅಮ್ಮನ ಮೇಲೆ ಒಂದು ಮೊಕದ್ದಮೆ ಇದೆ. ಅದಕ್ಕಾಗಿ ಅಲ್ಲಿ ಇರಬೇಕಾಗಿದೆ. ನಿಮ್ಮ ತಪ್ಪು ಏನೂ ಇಲ್ಲ. ಅಮ್ಮ ತಿರುಗಿ ಬರುತ್ತಾಳೆ." ಇಷ್ಟು ಹೇಳಿದರೆ ಮಗು ತಾಳಿಕೊಳ್ಳುತ್ತದೆ. ದೊಡ್ಡವರು ನಿಜವನ್ನು ಮುಚ್ಚಿಟ್ಟಷ್ಟೂ ಮಗು ಅದಕ್ಕಿಂತ ದೊಡ್ಡ ಭಯವನ್ನು ತಾನೇ ಕಲ್ಪಿಸಿಕೊಳ್ಳುತ್ತದೆ.

ತಾಯಿಯೂ ಅವಸರ ಪಡಬಾರದು. ಬಂದ ಮರುದಿನವೇ ಮಕ್ಕಳನ್ನು ಎಳೆದು ಅಪ್ಪಿಕೊಂಡು "ನಾನೇ ನಿನ್ನ ಅಮ್ಮ" ಎಂದರೆ ಮಗು ಹಿಂದೆ ಸರಿಯುತ್ತದೆ. ಒಂದೊಂದೇ ಕೆಲಸ ಹಿಂದಕ್ಕೆ ಬರಲಿ. ಇಂದು ಜಡೆ ಹೆಣೆಯುವುದು, ನಾಳೆ ಬುತ್ತಿ ಕಟ್ಟುವುದು, ಇನ್ನೊಂದು ದಿನ ಶಾಲೆಯ ದಾರಿಯವರೆಗೆ ಜೊತೆಗೆ ಹೋಗುವುದು. ಅಜ್ಜಿಯನ್ನು ಅಮ್ಮ ಎಂದು ಕರೆಯುವ ಮಗುವಿನ ಬಾಯನ್ನು ತಿದ್ದಹೋಗಬಾರದು. ಇಬ್ಬರು ಅಮ್ಮಂದಿರಿದ್ದರೆ ಮಗುವಿಗೆ ನಷ್ಟವಿಲ್ಲ. ಇಷ್ಟು ಕಾಲ ಮಕ್ಕಳನ್ನು ಸಾಕಿದವರ ಎದುರಿನಲ್ಲಿ ತಾಯಿಯ ಕೊರಳು ಬಾಗಿಯೇ ಇರುತ್ತದೆ. ಸಾಕಿದವರು ಆ ಋಣವನ್ನು ದಿನಕ್ಕೆ ಮೂರು ಸಲ ನೆನಪಿಸಿದರೆ ಮಾತ್ರ ಮನೆ ಮನೆಯಾಗಿ ಉಳಿಯದು.

ರಾತ್ರಿ ದೀಪ ಆರಿಸಲು ಬಿಡದಿರುವುದು, ಬಾಗಿಲು ಮುಚ್ಚಿದರೆ ಬೆಚ್ಚುವುದು, ಎಲ್ಲಿಗೆ ಹೋಗಬೇಕಾದರೂ "ಹೋಗಲೇ?" ಎಂದು ಅಪ್ಪಣೆ ಕೇಳುವುದು, ಸಣ್ಣ ಮಾತಿಗೆ ಅಳು ಬರುವುದು, ಇವೆಲ್ಲ ಜೈಲಿನಿಂದ ಬಂದವರಲ್ಲಿ ಕಾಣಬಹುದು. ಇದು ನಾಟಕವಲ್ಲ, ಹುಚ್ಚೂ ಅಲ್ಲ. ವರ್ಷಗಟ್ಟಲೆ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಬೀಗದ ಸದ್ದು ಕೇಳುತ್ತ ಮಲಗಿದವರ ಮೈಗೆ ಬಿಡುಗಡೆಯ ಅಭ್ಯಾಸವಾಗಲು ಕಾಲ ಬೇಕು. ಹೆಚ್ಚಾದರೆ ಸರಕಾರಿ ಆಸ್ಪತ್ರೆಯ ಮಾನಸಿಕ ವೈದ್ಯರಿಗೆ ತೋರಿಸಲು ಅಳುಕಬಾರದು.

ಕೈಗೆ ಕೆಲಸ, ತಲೆಗೆ ಸೂರು

"ಇವಳನ್ನು ಇನ್ನು ಮನೆಗೆ ಸೇರಿಸುವುದಿಲ್ಲ" ಎಂದು ಗಂಡನ ಮನೆಯವರು ಹೇಳಿದರೆ? ಕಾನೂನು ಅವರ ಕಡೆಗಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಹೆಂಡತಿಗೆ ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕುಂಟು. ಮನೆ ಆಕೆಯ ಹೆಸರಿನಲ್ಲಿ ಇರಬೇಕೆಂದಿಲ್ಲ. ನ್ಯಾಯಾಲಯದ ಮುಖಾಂತರವಲ್ಲದೆ ಹೊರದಬ್ಬುವಂತಿಲ್ಲ. ಶಿಕ್ಷೆಯಾಯಿತೆಂದ ಮಾತ್ರಕ್ಕೆ ಆಕೆಯ ಆಸ್ತಿ, ಚಿನ್ನ, ಮಕ್ಕಳ ಮೇಲಣ ಹಕ್ಕು ತಾನಾಗಿ ಅಳಿಯುವುದೂ ಇಲ್ಲ. ಮಕ್ಕಳು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಬಂದರೆ ನ್ಯಾಯಾಲಯ ನೋಡುವುದು ಮಕ್ಕಳ ಹಿತವನ್ನು. ತಾಯಿ ಜೈಲಿಗೆ ಹೋಗಿದ್ದಳೆಂಬ ಒಂದೇ ಮಾತನ್ನು ಅಲ್ಲ.

ಹೊರಗೆ ಬಂದ ತಾಯಿ ಮೊದಲ ತಿಂಗಳಲ್ಲಿ ಮಾಡಬೇಕಾದ ಕೆಲಸ ಕಾಗದಪತ್ರಗಳದ್ದು. ಬಿಡುಗಡೆಯ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪುಸ್ತಕ, ಮತದಾರರ ಪಟ್ಟಿ, ಇವುಗಳಲ್ಲಿ ಹೆಸರು ಸರಿಯಾಗಿ ಇದೆಯೆ ಎಂದು ನೋಡಬೇಕು. ಜೈಲಿನಲ್ಲಿ ದುಡಿದ ಕೂಲಿ ಬಾಕಿಯಿದ್ದರೆ ಕೇಳಿ ಪಡೆಯಬೇಕು.

ಕೆಲಸದ ಮಾತು ಕಠಿಣವಾದದ್ದು. ನಮ್ಮ ಕಡೆಯಲ್ಲಿ ಹೆಂಗಸರು ಮನೆಯಲ್ಲಿಯೇ ಕೂತು ಮಾಡುವ ಬೀಡಿ ಕಟ್ಟುವ ಕೆಲಸ ಎಷ್ಟೋ ಸಂಸಾರಗಳನ್ನು ನಡೆಸಿದೆ. ಈಗ ಅದೂ ಕಡಿಮೆಯಾಗಿದೆ. ಹೊಲಿಗೆ, ಅಡುಗೆ, ತೋಟದ ಕೆಲಸ, ಗೇರುಬೀಜದ ಕೆಲಸ ಉಂಟು. ಜೈಲಿನಲ್ಲಿ ಹೊಲಿಗೆ, ಅಡುಗೆ ಕಲಿತು ಬಂದವರೂ ಇರುತ್ತಾರೆ. ಆದರೆ "ಎಲ್ಲಿ ಕಲಿತಿರಿ?" ಎಂದು ಯಾರಾದರೂ ಕೇಳಿದರೆ ಉತ್ತರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೇರಳದಲ್ಲಿ 1998ರಿಂದ ಬೆಳೆದು ಬಂದಿರುವ ಕುಟುಂಬಶ್ರೀಯ ನೆರೆಕೂಟಗಳು ಊರೂರಿನಲ್ಲಿ ಇವೆ. ವಾರವಾರ ಕೂಡಿ ಉಳಿತಾಯ ಮಾಡುವ, ಸಾಲ ಕೊಡುವ, ಸೇರಿ ದುಡಿಯುವ ಈ ಕೂಟಗಳಲ್ಲಿ ಅವಳಿಗೊಂದು ಚಾಪೆಯ ತುದಿ ಸಿಕ್ಕಿದರೆ ಅರ್ಧ ಊರಿನ ಬಾಯಿ ತಾನಾಗಿ ಮುಚ್ಚುತ್ತದೆ. ಹತ್ತು ಹೆಂಗಸರು ಪಕ್ಕದಲ್ಲಿ ಕೂರಿಸಿಕೊಂಡವಳನ್ನು ಹನ್ನೊಂದನೆಯವಳು ದೂರ ಇಡಲಾರಳು.

ಸರಕಾರದ ಕಡೆಯಿಂದಲೂ ನೆರವು ಉಂಟು. ಕೈದಿಗಳ ಮಕ್ಕಳ ವಿದ್ಯಾಭ್ಯಾಸಕ್ಕೆ, ಅವರನ್ನು ಅವಲಂಬಿಸಿದವರ ಸ್ವಂತ ಉದ್ಯೋಗಕ್ಕೆ, ಬಿಡುಗಡೆಯಾದವರ ಪುನರ್ವಸತಿಗೆ ಕೇರಳದ ಸಾಮಾಜಿಕ ನ್ಯಾಯ ಇಲಾಖೆ ಸಹಾಯಧನ ಕೊಡುತ್ತದೆ. ಅದಕ್ಕಾಗಿ ಜಿಲ್ಲಾ ಪ್ರೊಬೇಷನ್ ಕಚೇರಿಯಲ್ಲಿ ವಿಚಾರಿಸಬೇಕು. ಕೇಳದವರಿಗೆ ಯಾವ ಕಚೇರಿಯೂ ಮನೆಗೆ ತಂದು ಕೊಡುವುದಿಲ್ಲ.

ಕನ್ನಡದ ಒಂದು ಕಾಗದ

ಕಾಸರಗೋಡಿನ ಹೆಂಗಸು ಶಿಕ್ಷೆಗೊಳಗಾದರೆ ಹೆಂಗಸರ ಜೈಲು ಇರುವುದು ಕಣ್ಣೂರಿನಲ್ಲಿ. ಮಂಜೇಶ್ವರದಿಂದ ರೈಲು ಹತ್ತಿದರೆ ಉಪ್ಪಳ, ಕುಂಬಳೆ, ಕಾಸರಗೋಡು, ಕಾಞಂಗಾಡು, ಪಯ್ಯನ್ನೂರು ದಾಟಿ ನೂರು ಕಿಲೊಮೀಟರಿಗೂ ಮಿಕ್ಕಿದ ದಾರಿ. ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ರೈಲಿನ ಖರ್ಚು ಬೇರೆ. ಬಡವರಿಗೆ ಇದು ಸುಲಭವಲ್ಲವೆಂದು ನಾವು ಬಲ್ಲೆವು. ಆದರೆ ಒಂದು ಕಾಗದ ಬರೆಯುವುದು ಕಷ್ಟವಲ್ಲ. ಮಗಳ ಮಾರ್ಕು, ಹಸು ಕರು ಹಾಕಿದ್ದು, ಬಾವಿಯ ನೀರು ಬತ್ತಿದ್ದು, ಅಜ್ಜಿಯ ಕಾಲು ನೋವು, ಇಂಥ ನಾಲ್ಕು ಸಾಲು ಸಾಕು. ಮನೆ ತನ್ನನ್ನು ಬಿಟ್ಟು ನಡೆದಿಲ್ಲವೆಂದು ಅವಳಿಗೆ ತಿಳಿಯುತ್ತದೆ. ಸುತ್ತಲೂ ಬೇರೆ ಮಾತು ಕೇಳುವಲ್ಲಿ ಕೂತವಳಿಗೆ ಕನ್ನಡದ ಅಕ್ಷರ ಕಂಡರೆ ಸಾಕು, ತವರಿನ ಗಾಳಿ ಬೀಸಿದಂತಾಗುತ್ತದೆ.

ಭಾಷೆಯ ವಿಚಾರದಲ್ಲಿ ಹಕ್ಕುಗಳೂ ಇವೆ. ಬಂಧಿಸಿದಾಗ ಕಾರಣವನ್ನು ತಿಳಿಸಬೇಕೆಂಬುದು ಸಂವಿಧಾನದ 22ನೆಯ ವಿಧಿ. ತಿಳಿಯದ ಭಾಷೆಯಲ್ಲಿ ಹೇಳಿದರೆ ಅದು ತಿಳಿಸಿದಂತಾಗುವುದಿಲ್ಲ. ಸಾಕ್ಷಿಗಳು ಹೇಳುವುದು ಆರೋಪಿಗೆ ಅರ್ಥವಾಗದ ಭಾಷೆಯಲ್ಲಿದ್ದರೆ ನ್ಯಾಯಾಲಯದಲ್ಲಿಯೇ ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿಸಬೇಕು. ಕುಂದುಕೊರತೆಯ ಅರ್ಜಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಕೊಡಬಹುದೆಂದು 350ನೆಯ ವಿಧಿ ಹೇಳುತ್ತದೆ. ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸಬಹುದೆಂಬುದನ್ನು 1969ರ ಕೇರಳದ ಭಾಷಾ ಕಾಯಿದೆಯೇ ಒಪ್ಪಿದೆ. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಕ್ಕಿಂತ "ನನಗೆ ಕನ್ನಡದಲ್ಲಿ ಹೇಳಿ" ಎಂದು ಕೇಳುವುದು ಲೇಸು. ನಮ್ಮ ಹೆಣ್ಣುಮಕ್ಕಳಿಗೆ ಈ ಒಂದು ವಾಕ್ಯವನ್ನು ಕಲಿಸಿಡೋಣ.

ವಕೀಲರಿಗೆ ಹಣವಿಲ್ಲವೆಂದು ಸುಮ್ಮನೆ ಕೂರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಂಗಸರಿಗೂ, ಬಂಧನದಲ್ಲಿರುವವರಿಗೂ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡಬೇಕು. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಜಾಮೀನಿಲ್ಲದ ಅಪರಾಧಗಳಲ್ಲಿಯೂ ಹೆಂಗಸೆಂಬ ಕಾರಣಕ್ಕೆ ಜಾಮೀನು ಕೊಡಬಹುದೆಂಬ ರಿಯಾಯಿತಿ ಕಾನೂನಿನಲ್ಲಿದೆ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟರೆ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವರು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ವಿಚಾರಣೆಯ ಕಾಲದಲ್ಲಿಯೇ ಕಳೆದಿದ್ದರೆ ಸಾಮಾನ್ಯವಾಗಿ ಬಿಡುಗಡೆಗೆ ಅರ್ಹರು. ಬೇರೆ ಮೊಕದ್ದಮೆಗಳೂ ಇದ್ದರೆ ಮಾತ್ರ ತೊಡಕು.

ಒಬ್ಬರು ಸಾಕು

ಇಷ್ಟೆಲ್ಲ ಕಾನೂನುಗಳಿದ್ದರೂ ನಾವು ತಿರುಗಿ ಬರುವುದು ಕಾನ್ಪುರದ ಆ ಹುಡುಗನ ಬಳಿಗೇ. ಅವನ ಬಳಿ ಆಸ್ತಿಯಿರಲಿಲ್ಲ, ಪರಿಚಯದ ದೊಡ್ಡವರು ಇರಲಿಲ್ಲ, ಮನೆಯೂ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಹೋಗಿ ತಾಯಿಯ ಮುಖ ನೋಡುವುದನ್ನು ಮಾತ್ರ ಅವನು ಬಿಡಲಿಲ್ಲ. ಆ ಒಂದು ನೂಲು ಹರಿಯದೆ ಉಳಿದದ್ದರಿಂದ ಕೊನೆಗೆ ಬಾಗಿಲು ತೆರೆಯಿತು.

ನಮ್ಮ ಊರುಗಳಲ್ಲಿ ಅಂಥ ಮನೆ ಇದ್ದರೆ ಅದು ನಮಗೆಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ಆ ಮನೆಯ ಮಕ್ಕಳನ್ನು ನಮ್ಮ ಮಕ್ಕಳ ಜೊತೆ ಆಡಲು ಬಿಡುವುದಿಲ್ಲ. ಮದುವೆಗೆ ಕರೆಯಲು ಹೋದಾಗ ಆ ಮನೆಯ ಮೆಟ್ಟಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೇವೆ. ಇದನ್ನು ನಿಲ್ಲಿಸಲು ಕಾನೂನು ಬೇಕಾಗಿಲ್ಲ, ಖರ್ಚೂ ಇಲ್ಲ. ಆ ಮನೆಗೂ ಹೋಗಿ ಒಂದು ಕರೆಯ ಕಾಗದ ಕೊಟ್ಟು, ಜಗಲಿಯಲ್ಲಿ ಕೂತು ಒಂದು ಲೋಟ ನೀರು ಕುಡಿದು ಬಂದರೆ ಸಾಕು.

ಜೈಲಿನಿಂದ ಬರುವ ತಾಯಿಗೆ ಊರೆಲ್ಲ ಸ್ವಾಗತ ಕೊಡಬೇಕಾಗಿಲ್ಲ. ಗೇಟಿನ ಹೊರಗೆ ಒಬ್ಬರು ನಿಂತಿರಲಿ. ಅಣ್ಣನೋ, ಅಕ್ಕನೋ, ಮಗಳೋ, ನೆರೆಮನೆಯ ಅಜ್ಜಿಯೋ, ಯಾರಾದರೂ ಸರಿ. ಕೈಯ ಚೀಲವನ್ನು ತೆಗೆದುಕೊಂಡು "ಹೋಗೋಣ, ರೈಲಿಗೆ ಹೊತ್ತಾಯಿತು" ಎಂದು ಹೇಳುವ ಒಬ್ಬರು. ಉಳಿದ ದಾರಿಯನ್ನು ಅವಳು ನಡೆದು ಬರುತ್ತಾಳೆ.